ಅಂಜಮ್ಮನ ಮೂವತ್ತೆರಡನೇ ಬ್ಯಾಟ್ರಿ

ಬೆಳಗಿನ ಜಾವ ಐದು ಗಂಟೆ. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ, ಸಾನಮಾವಿನ ಕಾಡಂಚಿಗೆ ಒಂದು ಬಸ್ ನಿಲ್ದಾಣ. ಕಂಪನಿ ಬಸ್ಸಿಗೆ ಕಾದು ನಿಂತ ಗಂಡಸೊಬ್ಬನ ಪ್ಯಾಂಟಿನ ಜೇಬಿಗೆ ಹೆಂಗಸೊಬ್ಬರು ನನ್ನ ಕಣ್ಣೆದುರೇ ಕೈ ಹಾಕುತ್ತಾರೆ! ನಾನು ಹೌಹಾರಿ ನೋಡುತ್ತಿದ್ದರೆ, ಆತ ಎರಡೂ ಕೈ ಮೇಲೆತ್ತಿ ಹಲ್ಲು ಕಿರಿಯುತ್ತಾನೆ. ಹೆಂಗಸು ಬೀಗದ ಕೈ ಗೊಂಚಲನ್ನು ಹೊರಗೆಳೆದು, ಅದಕ್ಕೆ ನೇತುಬಿದ್ದಿರುವ ಬೆರಳುದ್ದದ ಟಾರ್ಚನ್ನು ತಿರುಗಿಸಿ ನೋಡಿ, ಮತ್ತೆ ಜೇಬಿಗೆ ತುರುಕುತ್ತಾರೆ.

“ನಂದೇ, ಆದ್ರೆ ಅದಲ್ಲ. ಹೋಗ್ಲಾ,” ಎಂದು ಪಕ್ಕದವನ ಕಡೆ ತಿರುಗುತ್ತಾರೆ. “ಎನ್ನಾ ತಂಬಿ, ಸಾವಿ ಕಾಟ್ಟು.” ಆ ತಮಿಳಿನವನೂ ಮರುಮಾತಿಲ್ಲದೆ ಬೀಗದ ಕೈ ತೋರಿಸುತ್ತಾನೆ. ಇದೇನು ಪೊಲೀಸ್ ತಪಾಸಣೆಯೇ?

ಇವರು ಅಂಜಮ್ಮ, ವಯಸ್ಸು ನಲವತ್ತೆಂಟು. ಹದಿನೆಂಟು ವರ್ಷ ಗುಲಾಬಿ ತೋಟದಲ್ಲಿ ಹೂವು ಕತ್ತರಿಸಿದವರು. ಔಷಧಿ ಹೊಡೆದ ಎಲೆ ತಾಕಿ ತಾಕಿ ಮುಂಗೈ ಚರ್ಮ ಸುಲಿದು ಬಂದಾಗ ಆ ಕೆಲಸ ಬಿಟ್ಟರು. ಗಂಡ ನಾರಾಯಣಪ್ಪ ಒಂದೆಕರೆಯಲ್ಲಿ ರಾಗಿ ಬೆಳೆಯುತ್ತಾರೆ. ಆರು ವರ್ಷದಿಂದ ಅಂಜಮ್ಮ ಇದೇ ನಿಲ್ದಾಣದಲ್ಲಿ ಒಂದು ಮೊರದಲ್ಲಿ ಬಾಚಣಿಗೆ, ಪಿನ್ನು, ಬೀಗದ ಕೈಗೆ ಸಿಕ್ಕಿಸುವ ಸಣ್ಣ ಟಾರ್ಚು ಇಟ್ಟುಕೊಂಡು ಕೂರುತ್ತಾರೆ. ಈ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಬೆಲೆ ಅರವತ್ತು ರೂಪಾಯಿ. ಐದು ಕಂಪನಿ ಬಸ್ಸು ಹೋಗುವಷ್ಟರಲ್ಲಿ ಮೂರೋ ನಾಲ್ಕೋ ಮಾರಾಟವಾದರೆ ಅದು ಒಳ್ಳೆಯ ದಿನ.

ಮೊಬೈಲಿನಲ್ಲೇ ಬೆಳಕಿರುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ನಾನು ಪೇಟೆಯವನ ಜಾಣತನ ತೋರಿಸುತ್ತೇನೆ. “ಕ್ಯಾಮ್ರಾ ಇರೋ ಫೋನು ಕಂಪ್ನಿ ಒಳಕ್ಕೆ ಬಿಡಾಕಿಲ್ಲ ಸಾರ್. ಅರ್ಧ ಜನ ಮನೇಲೇ ಇಟ್ಬುಟ್ಟು ಬತ್ತಾರೆ. ಹೊಲದ ದಾರೀಲಿ ಒಂದೂವರೆ ಮೈಲಿ. ಆನೆ ಓಡಾಡೋ ಜಾಗ. ಏನ್ ಹಿಡ್ಕೊಂಡು ಬರ್ಬೇಕು, ಹೇಳಿ?” ಎನ್ನುತ್ತಾರೆ. ನನ್ನ ಜಾಣತನ ಅಲ್ಲಿಗೆ ಮುಗಿಯುತ್ತದೆ.

ಅಂಜಮ್ಮ ಬ್ಯಾಟ್ರಿ ಆರಿಸುವುದನ್ನು ನೋಡಬೇಕು. ಹೊಸೂರಿನ ಸಗಟು ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ಒಂದೊಂದನ್ನೂ ಎತ್ತಿಕೊಳ್ಳುತ್ತಾರೆ. ಉಂಗುರ ಹಿಡಿದು ಜಗ್ಗುತ್ತಾರೆ. ಒಂದು ಟೀ ಕುಡಿಯುವಷ್ಟು ಹೊತ್ತು ನೀರಿನ ಲೋಟದಲ್ಲಿ ಮುಳುಗಿಸಿಡುತ್ತಾರೆ. ಅಂಗಡಿಯವನು ತಲೆ ಚಚ್ಚಿಕೊಂಡರೂ ಕ್ಯಾರೇ ಅನ್ನುವುದಿಲ್ಲ. ಕೊಳ್ಳುವವರಿಗೂ ಬಿಡುಗಡೆಯಿಲ್ಲ. ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಊಟದ ಚೀಲ ಹಿಡಿದು, ಇನ್ನೊಂದು ಕೈಯಿಂದ ಮೂರು ಸಲ ಹತ್ತಿಸಿ ತೋರಿಸಬೇಕು. ಇನ್ನೂ ಜೋರು ಬೆಳಕಿನದು ಬೇಕು ಎಂದವನಿಗೆ, “ನಿನ್ ಕಾಲ ಮುಂದ್ಲ ಹೆಜ್ಜೆ ಕಂಡ್ರೆ ಸಾಕು ಕಣ್ಲಾ. ಆನೆ ಮುಖ ನೋಡಿ ಏನ್ ಮಾತಾಡ್ಬೇಕಾ?” ಎಂದು ಗದರುತ್ತಾರೆ.

ಇಷ್ಟೆಲ್ಲ ಎಚ್ಚರದ ಹೆಂಗಸು ಹೋದ ರಾಗಿ ಕುಯ್ಲಿನ ಕಾಲದಲ್ಲಿ ಒಂದು ತಪ್ಪು ಮಾಡಿದ್ದಾರೆ. ಅದೂ ಕರುಣೆಯಿಂದ ಮಾಡಿದ ತಪ್ಪು. ಕಂಪನಿಯಲ್ಲಿ ಎಂಟು ಗಂಟೆ ಸಣ್ಣ ಸಣ್ಣ ವೈರು ಸಿಕ್ಕಿಸುವ ಹೆಣ್ಣುಮಕ್ಕಳ ಬೆರಳ ತುದಿ ನೋಯುತ್ತದೆ, ಗಟ್ಟಿ ಸ್ವಿಚ್ಚು ಒತ್ತಲಾಗುವುದಿಲ್ಲ ಎಂದು ಅವರಿಗಾಗಿಯೇ ಮೆತ್ತನೆ ಸ್ವಿಚ್ಚಿನ ನೀಲಿ ಬ್ಯಾಟ್ರಿ ತಂದರು. ಮೂವತ್ತಾರರ ಡಬ್ಬಿಯಲ್ಲಿ ಮೂವತ್ತೆರಡು ಒಂದೇ ವಾರಕ್ಕೆ ಖಾಲಿ.

ಮುಂದಿನದನ್ನು ರಮ್ಯ ಹೇಳುತ್ತಾರೆ. ವಯಸ್ಸು ಇಪ್ಪತ್ತಾರು, ಇದೇ ನಿಲ್ದಾಣದಿಂದ ಎರಡನೇ ಬಸ್ಸು ಹತ್ತುವವರು. “ಅವತ್ತು ಮೋಡ ಮುಚ್ಕೊಂಡಿತ್ತು ಸಾರ್. ಅರ್ಧ ದಾರೀಲಿ ಒತ್ತುದ್ರೆ ಬ್ಯಾಟ್ರಿ ಹತ್ಲಿಲ್ಲ. ವಾಪಸ್ ಹೋದ್ರೆ ಬಸ್ ಹೋಗ್ಬುಡ್ತದೆ. ಕೈ ಮುಂದಕ್ಕೆ ಚಾಚ್ಕೊಂಡು ನಡುದೆ. ಗೋಡೆ ಸಿಕ್ತು.”

ಅಂಗೈ ಬಿಡಿಸಿ ತೋರಿಸುತ್ತಾರೆ. “ಆ ಹೊಲದಾಗೆ ಗೋಡೆ ಇಲ್ಲ ಸಾರ್. ಬೆಚ್ಚಗಿತ್ತು.”

ಆನೆ ರಾಗಿ ಮೆದೆ ತಿನ್ನುತ್ತಾ ನಿಂತಿತ್ತಂತೆ. ರಮ್ಯ ಉಸಿರು ಬಿಗಿಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು. ಅದು ತಿರುಗಲಿಲ್ಲ, ಇವರು ಉಳಿದರು. ಹೇಳುತ್ತಾ ಅಂಗೈಯನ್ನು ಸೀರೆಗೆ ಒರೆಸಿಕೊಂಡು ನಗುತ್ತಾರೆ. ನನಗೆ ನಗು ಬರಲೊಲ್ಲದು.

ಅಂಜಮ್ಮನಿಗೂ ಬರುವುದಿಲ್ಲ. “ಅವ್ಳು ಬಂದು ಬೈಲಿಲ್ಲ ಸಾರ್. ‘ಅಕ್ಕಾ, ಸೆಲ್ ಹಾಕ್ಕೊಡಿ’ ಅಂದ್ಲು ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.” ಹೊಸ ಸೆಲ್ ಹಾಕಿ, ತಮ್ಮ ಎಲೆಅಡಿಕೆ ಚೀಲಕ್ಕೆ ಇಳಿಬಿಟ್ಟು ನೋಡಿದರು. ಚೀಲದೊಳಗೆ ತಾನಾಗಿಯೇ ಹತ್ತಿಕೊಂಡಿತು! ಮೆತ್ತನೆ ಸ್ವಿಚ್ಚು ಜೇಬಿನಲ್ಲಿ, ಪರ್ಸಿನಲ್ಲಿ ಏನಾದರೂ ತಾಕಿದರೆ ಸಾಕು, ಯಾರಿಗೂ ಕಾಣದೆ ಉರಿದು ಸೆಲ್ ತೀರಿಸಿಬಿಡುತ್ತಿತ್ತು. ಕೈಗೆ ಬರುವ ಹೊತ್ತಿಗೆ ಅದು ಬರೀ ಪ್ಲಾಸ್ಟಿಕ್ಕು.

ಅಂದಿನಿಂದ ಈ ತಪಾಸಣೆ. ಕೊಂಡವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮೂರು ತಿಂಗಳಿಂದ ಬಸ್ಸಿಗೆ ಬರುವವರ ಬೀಗದ ಕೈಯನ್ನೆಲ್ಲ ನೋಡಿ, ನೀಲಿಯದು ಸಿಕ್ಕರೆ ಕಿತ್ತುಕೊಂಡು ಗಟ್ಟಿ ಸ್ವಿಚ್ಚಿನದನ್ನು ಪುಕ್ಕಟೆ ಕೊಡುತ್ತಾರೆ. ಮೂವತ್ತೊಂದು ವಾಪಸ್ ಬಂದಿವೆ. “ಇನ್ನೊಂದು ಎಲ್ಲೋ ಅದೆ. ಯಾರೋ ನನ್ನ ನಂಬ್ಕೊಂಡು ಕತ್ತಲಾಗೆ ನಡೀತಾವ್ರೆ,” ಎಂದು ಆಲಸನತ್ತದ ಕಡೆಯಿಂದ ಬಂದ ಬಸ್ಸು ನಿಂತ ಕೂಡಲೇ ಅದರ ಬಾಗಿಲಿಗೆ ಓಡುತ್ತಾರೆ.

ಮೂರು ತಿಂಗಳ ಮೇಲೆ ಮತ್ತೆ ರಾತ್ರಿ ಪಾಳಿಗೆ ಬಿದ್ದು ಅದರಿಂದ ಇಳಿದ ಮರಿಸ್ವಾಮಿ ಎಂಬವರು ಬೀಗದ ಕೈ ತೋರಿಸುತ್ತಲೇ ಹೇಳುತ್ತಾರೆ: “ಅಕ್ಕ, ನಾನೂ ಒಂದು ನೀಲಿದು ತಗೊಂಡಿದ್ದೆ. ಅವ್ವಂಗೆ ಕೊಟ್ಬುಟ್ಟೆ. ಅಂಚೆಟ್ಟಿ ಕಡೆ ನಮ್ಮೂರು. ದಿನಾ ಫೋನಲ್ಲಿ ಕೇಳ್ತೀನಿ, ಡೈರಿಗೆ ಹಾಲು ಹಾಕಾಕೆ ಅದನ್ನ ಹಿಡ್ಕೊಂಡೇ ಹೋಯ್ತಾಳೆ.”

ಅಂಜಮ್ಮ ಊರಿನ ದಾರಿ ಕೇಳಿಕೊಂಡು, ಮೊರ ಎತ್ತಿ ರಮ್ಯ ಅವರ ಕೈಗೆ ಕೊಡುತ್ತಾರೆ. ರಮ್ಯ ಅದನ್ನು ಟೀ ಅಂಗಡಿಯಲ್ಲಿ ಇಟ್ಟು ಬರುವಷ್ಟರಲ್ಲಿ ಅಂಜಮ್ಮ ಹೊಸೂರಿನ ಬಸ್ಸು ಹತ್ತಿ ಕೂತಾಗಿದೆ. ನಾನೂ ಹತ್ತುತ್ತೇನೆ. ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿ, ಆಮೇಲೆ ಗುಡ್ಡದ ದಾರಿಯಲ್ಲಿ ಎರಡು ಮೈಲಿ ನಡಿಗೆ. ದಾರಿಯುದ್ದಕ್ಕೂ ಅಂಜಮ್ಮ ಮಡಿಲಲ್ಲಿ ಕಟ್ಟಿಕೊಂಡ ಗಟ್ಟಿ ಸ್ವಿಚ್ಚಿನ ಬ್ಯಾಟ್ರಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ.

ಮರಿಸ್ವಾಮಿಯ ತಾಯಿ ಕಮಲಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದಾರೆ. ದಿನಾ ನಸುಕಿನಲ್ಲಿ ಹಾಲಿನ ಕ್ಯಾನು ಹೊತ್ತು, ನಾವು ಹತ್ತಿ ಬಂದ ಇದೇ ದಾರಿಯಲ್ಲಿ ಡೈರಿಗೆ ಇಳಿಯುವವರು. ವಿಷಯ ಹೇಳಿದಾಗ ಸೊಂಟದ ಚೀಲದಿಂದ ನೀಲಿ ಬ್ಯಾಟ್ರಿ ತೆಗೆಯುತ್ತಾರೆ. ಅಂಜಮ್ಮ ಒತ್ತುತ್ತಾರೆ. ಹತ್ತುವುದಿಲ್ಲ.

“ಅದು ಹತ್ತಾಕಿಲ್ಲ ಕಣವ್ವ. ಸಂಕ್ರಾಂತಿಗೇ ನಿಂತೋಯ್ತು.”

“ಮತ್ತೆ ಹಾಲಿಗೆ?”

“ಅದನ್ನೇ ಕೈಯಾಗೆ ಹಿಡ್ಕೊಂಡು ಹೋಯ್ತೀನಿ. ಮಗ ದಿನಾ ಕೇಳ್ತಾನೆ, ಅವ್ವಾ ಬ್ಯಾಟ್ರಿ ಹಿಡ್ಕೊಂಡೋಗಿದ್ಯಾ ಅಂತ. ಹೂಂ ಅಂತೀನಿ. ಸುಳ್ಳು ಹೇಳ್ಬಾರ್ದು ನೋಡು.”

ಅಂಜಮ್ಮ ಕೊಟ್ಟಿಗೆಯ ಕಲ್ಲಿನ ಮೇಲೆ ಕೂರುತ್ತಾರೆ. ಆಮೇಲೆ ಮಡಿಲಿಂದ ಹೊಸ ಬ್ಯಾಟ್ರಿ ತೆಗೆದು, ಕಮಲಮ್ಮನ ಒಂದು ಕೈಗೆ ಹಾಲಿನ ಕ್ಯಾನು ಕೊಟ್ಟು, ಕಣ್ಣು ಮುಚ್ಚಿಸಿ, ಮೂರು ಸಲ ಒತ್ತಿಸುತ್ತಾರೆ. ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಮೂರು ಸಲವೂ ಬೆಳಕು ಬೀಳುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ, ಮುಂದೇನು ಆಸೆ ಎಂದು ಕೇಳುತ್ತೇನೆ. “ಸೂರ್ಯನಂಗೆ ಉರೀಬೇಕು ಅಂತಿಲ್ಲ ಸಾರ್. ಒತ್ತುದ್ರೆ ಹತ್ಬೇಕು. ಒತ್ತದೆ ಇದ್ರೆ ಸುಮ್ಕಿರ್ಬೇಕು. ಅಂಥದ್ದೇ ಮಾರ್ಕೊಂಡಿದ್ರೆ ಸಾಕು.”

ಮಾರನೆಯ ದಿನ ಬೆಳಗಿನ ಜಾವ ಅದೇ ನಿಲ್ದಾಣ. ಅಂಜಮ್ಮ ಯಾರ ಜೇಬಿಗೂ ಕೈ ಹಾಕುತ್ತಿಲ್ಲ. ಮರಿಸ್ವಾಮಿ ಬಸ್ಸಿಳಿದು ಓಡಿ ಬರುತ್ತಾರೆ. “ಅಕ್ಕ, ಅವ್ವನ ಬ್ಯಾಟ್ರಿ ಹತ್ತುತ್ತಾ?”

ಅಂಜಮ್ಮ ಮೊರದ ಮೇಲಿನ ಬ್ಯಾಟ್ರಿಗಳನ್ನು ಸಾಲಾಗಿ ಜೋಡಿಸುತ್ತಾ ಹೇಳುತ್ತಾರೆ: “ಹತ್ತುತ್ತೆ ಕಣಪ್ಪ. ನಾನೇ ಹೋಗಿ ನೋಡ್ಕೊಂಡು ಬಂದೆ.”