ಅವ್ವ ಹಾಲು ಬಿಡಿಸಿದ್ದು

ತರೀಕೆರೆಯ ಆಸ್ಪತ್ರೆಯಲ್ಲಿ ನನಗೆ ಮಗಳು ಹುಟ್ಟಿದಾಗ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲು ಎಂದರು ಅತ್ತೆ. ಮಗುವಿಗೆಂದು ಸಕ್ಕರೆ ನೀರು ಕಲಸಿಟ್ಟಿದ್ದರು. ನನ್ನ ಅವ್ವ ಅಡ್ಡ ನಿಂತಳು. "ಕರೂಗೆ ಗಿಣ್ಣು ಕುಡಿಸಲ್ವೇನ್ರೀ? ನಮ್ ಮಗೂಗೆ ಬ್ಯಾಡ್ವಾ?" ಎಂದು ಮಗುವನ್ನು ನನ್ನ ಎದೆಗೆ ಹಚ್ಚಿದಳು. ಈ ವಿಷಯದಲ್ಲಿ ಅವ್ವ ಎಂದಿಗೂ ನನ್ನ ಕಡೆ ಎಂದು ಅವತ್ತೇ ನಂಬಿಬಿಟ್ಟೆ.

ಎರಡು ವರ್ಷ ತುಂಬಿದರೂ ಮಗಳು ಹಾಲು ಬಿಟ್ಟಿರಲಿಲ್ಲ. ನಾನೂ ಬಿಡಿಸಿರಲಿಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ ಗಂಡನಿಗೂ ಅತ್ತೆಗೂ ಅದೇ ಮಾತು: ಇನ್ನೂ ಎಷ್ಟು ದಿನ ಇದು, ಇನ್ನೊಂದು ಮಗು ಯಾವಾಗ? ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಲಿಗೆ ಮಷಿನ್ ನಿಲ್ಲಿಸಿ ಕೆಳಗೆ ಕೂತರೆ ಸಾಕು, ಅವಳು ಸೆರಗಿನೊಳಗೆ ತಲೆ ತೂರಿಸಿ, ನನ್ನ ಓಲೆ ತಿರುಗಿಸುತ್ತಾ ಕುಡಿಯುತ್ತಿದ್ದಳು.

ಒಂದು ಭಾನುವಾರ ಅವ್ವ ಸಿಂಗಟಗೆರೆಯಿಂದ ಬಂದಳು. "ಹಸು ಕರು ಹಾಕೈತೆ. ಮಗೂಗೆ ತೋರಿಸ್ಕೊಂಡು ಸಂಜೆಗೆ ಬಂದ್ಬಿಡ್ತೀನಿ ಕಣೇ," ಎಂದು ಕರೆದುಕೊಂಡು ಹೋದಳು. ಸಂಜೆ ಬರಲಿಲ್ಲ. ಫೋನ್ ಎತ್ತಲಿಲ್ಲ. "ಬತ್ತಾರೆ ಬಿಡು," ಎಂದ ಗಂಡ, ಟಿವಿಯಿಂದ ಕಣ್ಣು ತೆಗೆಯದೆ.

ಮಾರನೆಯ ಬೆಳಿಗ್ಗೆ ಎದೆ ಕಲ್ಲಾಗಿ, ರವಿಕೆ ತೊಯ್ದು ಕೂತಿದ್ದಾಗ ಅತ್ತೆ ಮಲ್ಲಿಗೆಯ ದೊಡ್ಡ ಪೊಟ್ಟಣ ತಂದಿಟ್ಟರು.

"ಮುಡಿಯೋಕಲ್ಲ. ಎದೆಗೆ ಕಟ್ಕೋ, ಹಾಲು ಬತ್ತುತ್ತೆ. ನಿಮ್ಮವ್ವನೇ ಹೇಳಿ ಹೋಗವ್ರೆ."

ಹೂವನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ಕಡೂರಿನಲ್ಲಿ ಬಸ್ ಬದಲಿಸಿ ಸಿಂಗಟಗೆರೆ ಮುಟ್ಟಿದಾಗ ಮಗಳು ಜಗಲಿಯಲ್ಲಿ ಆಡುತ್ತಿದ್ದಳು. ಓಡಿಬಂದು ತಬ್ಬಿಕೊಂಡಳು. ನಾನು ಸೆರಗು ಸರಿಸಿದೆ. ಅವಳು ಹಿಂದೆ ಸರಿದು ಮುಖ ಕಿವಿಚಿದಳು.

"ಬ್ಯಾಡ. ಅಮ್ಮನ ಹಾಲಲ್ಲಿ ಹುಳ ಐತೆ. ಅಜ್ಜಿ ಹೇಳ್ತು."

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಸವೆದು ಕಡ್ಡಿ ಆಗಿದ್ದೀಯ ಕಣೇ. ನಿನ್ ಗಂಡನೂ ಬಂದು ಕೇಳ್ಕೊಂಡ."

"ನನ್ನ ಕೇಳ್ಬೇಕಿತ್ತು ಅವ್ವಾ."

"ಕೇಳಿದ್ರೆ ಬ್ಯಾಡ ಅಂತಿದ್ದೆ."

ಅವಳು ಬಡಿಸಿದ ಊಟ ಮುಟ್ಟದೆ ಮಗಳನ್ನು ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಮಗಳು ನನ್ನ ಮಡಿಲಲ್ಲೇ ಕೂತಳು, ಎದೆಗೆ ಮಾತ್ರ ತಲೆ ತಾಗಿಸಲಿಲ್ಲ. ಹುಳ ಇಲ್ಲ ಕಂದಾ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೆಲವು ದಿನ ನೋವು ತಿಂದೆ, ಜ್ವರ ಬಂತು, ಆಮೇಲೆ ಹಾಲು ತಾನಾಗಿ ಬತ್ತಿತು. ಇನ್ನೊಂದು ಮಗುವಿಗೆ ನಾನು ಒಪ್ಪಲಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವ್ವ ಬಂದರೆ ಕಾಫಿ ಕೊಡುತ್ತೇನೆ, ಊರಿನ ಸುದ್ದಿ ಕೇಳುತ್ತೇನೆ. ಮಗಳನ್ನು ಅವಳೊಬ್ಬಳ ಜೊತೆ ಎಲ್ಲಿಗೂ ಕಳಿಸಿಲ್ಲ. ಗಂಡನ ಮೇಲೆ, ಅತ್ತೆಯ ಮೇಲೆ ಸಿಟ್ಟು ಬೇಗ ಇಳಿಯಿತು. ಅವರಿಂದ ನಾನು ಹೆಚ್ಚೇನೂ ಬಯಸಿರಲಿಲ್ಲ.