ಗೂಡ್ಸ್ ಶೆಡ್ ಹಿಂದಿನ ವಿಳಾಸ

ವಾಡಿಯಲ್ಲಿ ಟಪಾಲು ಹಂಚುವ ಲುಂಬಿನಿಗೆ ಒಂದು ಚಾಳಿ ಇತ್ತು. ಯಾವ ಲಕೋಟೆಯನ್ನೂ ಎರಡು ಬದಿ ತಿರುವಿ ನೋಡದೆ ಅವಳು ಚೀಲಕ್ಕೆ ಹಾಕುತ್ತಿರಲಿಲ್ಲ. ಜನ ತಾವಿರುವ ಜಾಗವನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂಬುದೇ ಅವಳಿಗೆ ಸೋಜಿಗ. ‘ನೀರಿನ ಟಾಕಿ ಎದುರು’, ‘ಮೇಸ್ತ್ರಿ ಮನೆ ಮೇಲಿನ ಖೋಲಿ’, ‘ಮುಚ್ಚಿದ ಹಿಟ್ಟಿನ ಗಿರಣಿ ಮಗ್ಗಲು’. ಹನ್ನೊಂದು ವರ್ಷದ ಕೆಲಸದಲ್ಲಿ ಇಂಥವು ನೂರಾರು ಅವಳ ಬಾಯಿಗೆ ಬರುತ್ತಿದ್ದವು. ‘ಇಕಿಗಿ ಪ್ರಶ್ನೆ ಕೇಳಬ್ಯಾಡ ಅಂದ್ರ ಜ್ವರ ಬರ್ತಾವ’ ಎಂದು ಗಣಿಯಲ್ಲಿ ದುಡಿಯುತ್ತಿದ್ದ ಅವಳಪ್ಪ ಜಗದೇವಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಜನವರಿಯ ಒಂದು ಮಂಗಳವಾರ ಸ್ಪೀಡ್ ಪೋಸ್ಟಿನಲ್ಲಿ ಒಂದು ವೋಟರ್ ಕಾರ್ಡ್ ಬಂತು. ‘ಇಮಾಮ್ಬೀ, ಗಂಡ ಗುಲಾಮ ದಸ್ತಗೀರ, ಬೇವಿನ ಮರದ ಹತ್ತಿರ, ಗೂಡ್ಸ್ ಶೆಡ್ ಹಿಂದೆ, ವಾಡಿ.’ ಮನೆ ನಂಬರಿನ ಜಾಗದಲ್ಲಿ ಸೊನ್ನೆ ಇತ್ತು.

ಇಮಾಮ್ಬೀಯನ್ನು ಅರಿಯದ ಹೆಂಗಸರು ಊರಿನ ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಹತಾರಗಳ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಕುಕ್ಕರ್ ರಿಪೇರಿಗೆ ಬರುವ ಅರವತ್ತರ ಮುದುಕಿ. ಕುಕ್ಕರಿನ ಮುಚ್ಚಳಕ್ಕೆ ಕಿವಿಗೊಟ್ಟು, ಬೆರಳಿನಿಂದ ಒಮ್ಮೆ ತಟ್ಟಿ, ರೋಗ ಎಲ್ಲಿದೆ ಎಂದು ಹೇಳುತ್ತಿದ್ದಳು. ಗೂಡ್ಸ್ ಶೆಡ್ ಹಿಂದೆ ನೀಲಿ ತಾಡಪತ್ರಿಯ ಗುಡಿಸಲು ಕಟ್ಟಿಕೊಂಡಿದ್ದ ಐದು ಕುಟುಂಬಗಳಲ್ಲಿ ಅವಳದೂ ಒಂದು.

ಲುಂಬಿನಿ ಹೋಗಿ ನೋಡಿದರೆ ಬೇವಿನ ಮರವಿತ್ತು, ಗುಡಿಸಲುಗಳಿರಲಿಲ್ಲ. ನೆಲದ ತುಂಬ ಜೆಸಿಬಿಯ ಹಲ್ಲಿನ ಗುರುತು. ಸುತ್ತಲೂ ಹೊಸ ತಂತಿ ಬೇಲಿ ಬಿಗಿದಿದ್ದರು. ಎದುರಿನ ಚಹಾದಂಗಡಿಯ ಅಬ್ದುಲ್ ಕರೀಮ್ ಗ್ಲಾಸು ತೊಳೆಯುತ್ತಲೇ ಹೇಳಿದ:

“ನಿನ್ನಿ ಮುಂಜಾನೆ ಬಂದ್ರವ್ವಾ. ಹತ್ತು ಹೊಡಿಯೋದ್ರಾಗ ಎಲ್ಲಾ ಸಾಫ್. ಸಾಮಾನು ಟೆಂಪೋದಾಗ ತುಂಬಿ ಒಯ್ದ್ರು.”

“ಎಲ್ಲಿಗಿ ಒಯ್ದ್ರು ಚಾಚಾ?”

ಅಬ್ದುಲ್ ಕರೀಮ್ ಕೈ ತಡೆದು ಅವಳ ಮುಖ ನೋಡಿದ. “ಖರೇ ಹೇಳ್ಬೇಕಂದ್ರ, ಅದನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.”

ಪೋಸ್ಟ್ ಮಾಸ್ತರ ವಿಠ್ಠಲರಾವ್ ನಿಯಮ ಬಲ್ಲ ಮನುಷ್ಯ. “ವಿಳಾಸದಾರರು ಬಿಟ್ಟುಹೋಗಿದ್ದಾರೆ ಅಂತ ಬರೀರಿ. ಏಳು ದಿನ ಇಟ್ಕೊಂಡು ವಾಪಸ್ ಕಳಸೋಣು” ಎಂದರು.

ಲುಂಬಿನಿಯ ಪೆನ್ನು ಕಾಗದದ ಮೇಲೆ ನಿಂತಿತು. “ಆಕಿ ಬಿಟ್ಟು ಹೋಗಿಲ್ರಿ ಸರ್. ಆಕಿನ್ನ ಎಬ್ಬಿಸ್ಯಾರ. ಅದಕ್ಕೊಂದು ಖಾನೆ ಇಲ್ಲೇನ್ರಿ ಇದ್ರಾಗ?”

“ಇಲ್ಲ” ಎಂದರು ವಿಠ್ಠಲರಾವ್. ಲಕೋಟೆಯನ್ನು ಪೆಟ್ಟಿಗೆಯಲ್ಲಿಡುತ್ತ, “ಏಳು ದಿನ ಅಂತೂ ಅದ. ನೋಡ್ರಿ” ಎಂದು ಸೇರಿಸಿದರು.

ಅಂದು ಬಟವಾಡೆ ಮುಗಿಸಿ ಅವಳು ಎರಡು ಕಚೇರಿ ತಿರುಗಿದಳು. ಜಗಳ ತೆಗೆಯುವ ಮನಸ್ಸಿರಲಿಲ್ಲ; ಟೆಂಪೋ ಯಾವ ದಿಕ್ಕಿಗೆ ಹೋಯಿತು ಎಂಬುದಷ್ಟೇ ಬೇಕಿತ್ತು. ಒಂದು ಕಡೆ ಆ ಜಾಗ ನಮ್ಮದಲ್ಲ ಎಂದರು. ಇನ್ನೊಂದು ಕಡೆ ಬೇಲಿ ನಮ್ಮದಲ್ಲ ಎಂದರು. ಹಾಗಾದರೆ ಜೆಸಿಬಿ ಯಾರದು ಎಂದು ಕೇಳಿದಾಗ ಮೇಜಿನಾಚೆಯ ಗುಮಾಸ್ತ, “ನಿಮಗ್ಯಾಕ್ರಿ ಅದು? ಟಪಾಲು ಹಂಚ್ರಿ” ಎಂದ. ಹೊರಗೆ ಬಂದು ಸ್ಕೂಟಿಯ ಮೇಲೆ ಕುಳಿತು ಅವಳು ಲೆಕ್ಕ ಹಾಕಿದಳು. ಐದು ಕುಟುಂಬ, ಮಂಚ, ಒಲೆ, ಎರಡು ಆಡು. ಇಷ್ಟೆಲ್ಲ ಊರಿನಿಂದ ಹೊರಗೆ ಹೋಗಿದೆ, ಎಲ್ಲಿಗೆ ಹೋಯಿತೆಂದು ಯಾರ ಕಾಗದದಲ್ಲೂ ಇಲ್ಲ. ಇದು ಹೇಗೆ ಸಾಧ್ಯ?

ಮರುದಿನದಿಂದ ಅವಳು ಫೋನು ಹಿಡಿದಳು. ಎಲ್ಲ ಊರಲ್ಲೂ ಪೋಸ್ಟ್‌ಮನ್ ಇದ್ದೇ ಇರುತ್ತಾನೆ, ಕುಕ್ಕರ್ ರಿಪೇರಿ ಮಾಡುವ ಮುದುಕಿಯರು ಮಾತ್ರ ಊರಿಗೊಬ್ಬರು ಸಿಗುವುದಿಲ್ಲ. ಶಹಾಬಾದದ ಪೋಸ್ಟ್‌ಮನ್ ಗುರುವಾರ ಸಂಜೆ ತಿರುಗಿ ಫೋನು ಮಾಡಿದ: “ಬಂದಿದ್ರು ಅಕ್ಕಾ. ಸೇತುವೆ ಕೆಳಗ ಎರಡ ದಿನ ಇದ್ರು. ಅಲ್ಲೂ ಎಬ್ಬಿಸ್ಯಾರ. ಚಿತ್ತಾಪುರಕ್ಕ ಹೋಗ್ಯಾರಂತ.” ಚಿತ್ತಾಪುರದವನು ಶನಿವಾರ ಹೇಳಿದ: “ಸಂತಿ ಬೈಲಿನ್ಯಾಗ ಒಂದ ರಾತ್ರಿ ಇದ್ರಂತ. ಸಂತಿ ಅದ ಅಂತ ಏಳಿಸಿದ್ರು. ಸೇಡಂ ಗಾಡಿ ಹತ್ತಿದ್ದು ನಮ್ಮ ಅಣ್ಣನ ಮಗ ನೋಡ್ಯಾನ.”

ಭಾನುವಾರ ಬೆಳಿಗ್ಗೆ ಲುಂಬಿನಿ ಪ್ಯಾಸೆಂಜರ್ ಹತ್ತಿದಳು. ಕಾರ್ಡು ಪೋಸ್ಟಾಫೀಸಿನ ಪೆಟ್ಟಿಗೆಯಲ್ಲೇ ಉಳಿಯಿತು; ಅದನ್ನು ಮನೆಗೆ ಒಯ್ಯುವಂತಿಲ್ಲ. ಗಂಡ ಕಪಿಲ, “ಕಾರ್ಡ್ ಇಲ್ದ ಹೋಗಿ ಏನ್ ಮಾಡ್ತಿ?” ಎಂದಿದ್ದಕ್ಕೆ, “ಕಾರ್ಡ್ ಬಂದದ ಅಂತಾದ್ರೂ ಹೇಳ್ತೀನಿ” ಎಂದಿದ್ದಳು.

ಸೇಡಂನಲ್ಲಿ ಇಳಿದು ಕೇಳುತ್ತ ಹೋದಾಗ, ಕುರಕುಂಟಾ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ, ತೊಗರಿ ಕೊಯ್ದ ಹೊಲದ ಬದುವಿಗೆ ತಾಗಿ ಅವೇ ನೀಲಿ ತಾಡಪತ್ರಿಗಳು ಕಂಡವು. ಇಮಾಮ್ಬೀ ಕಾಲುಗಳ ನಡುವೆ ಕುಕ್ಕರ್ ಇಟ್ಟುಕೊಂಡು ಹಿಡಿಕೆಯ ಸ್ಕ್ರೂ ತಿರುವುತ್ತಿದ್ದಳು. ತಲೆಯೆತ್ತಿ ನೋಡಿ, ಏನೂ ವಿಶೇಷ ನಡೆದಿಲ್ಲ ಎಂಬಂತೆ, “ಟಪಾಲಬಾಯಿ, ಕುಂದ್ರು ಬೇಟಿ. ಇಷ್ಟ ದೂರ ಹಂಚಲಿಕತ್ತೀಯೇನು?” ಎಂದಳು.

ಲುಂಬಿನಿ ಕುಳಿತು ಸುದ್ದಿ ಹೇಳಿದಳು. ವಿಳಾಸವನ್ನೂ ಬಾಯಿಪಾಠ ಒಪ್ಪಿಸಿದಳು. ಇಮಾಮ್ಬೀ ಸ್ಕ್ರೂಡ್ರೈವರ್ ಕೆಳಗಿಟ್ಟಳು.

“ಬೇವಿನ ಗಿಡ ಅಂತ ಬರದಾರ?”

“ಹೂಂ ಖಾಲಾ. ಮನಿ ನಂಬರ್ ಇಲ್ದ ಹ್ಯಾಂಗ ಕೊಟ್ರು? ಅದ ನನಗ ತಿಳೀವಲ್ದು.”

“ಸಾಲಿ ಸರಸ್ವತಿಬಾಯಿ ಅದಾಳಲ್ಲ, ವೋಟಿನ ಕೆಲಸ ಮಾಡಾಕಿ. ಮನಿ ಇಲ್ದವರು ಅಲ್ಲೇ ಮಲಗ್ತಾರೋ ಇಲ್ಲೋ ನೋಡಬೇಕಂತ, ಅದು ಕಾನೂನಂತ. ಎರಡ ಸಲ ರಾತ್ರಿ ಬಂದು ನೋಡಿ ಸಹಿ ಮಾಡಿದ್ಳು.” ಇಮಾಮ್ಬೀ ರಸ್ತೆಯ ಕಡೆ ನೋಡಿದಳು. “ನಾ ಮಲಗಿದ್ದು ನೋಡಾಕ ಒಬ್ಬರು ಬಂದ್ರು. ಎಬ್ಬಿಸಾಕ ಮತ್ತೊಬ್ಬರು ಬಂದ್ರು. ಅವರಿಬ್ರಿಗೂ ಪರಿಚಯ ಇಲ್ಲೇನು?”

ಒಂದು ವಾರದಲ್ಲಿ ಮೂರು ಸಲ ಗಂಟು ಕಟ್ಟಿ ಬಿಚ್ಚಿದ ಮನೆಯನ್ನು ಲುಂಬಿನಿ ನೋಡಿದಳು. ಮಂಚದ ಒಂದು ಕಾಲು ಮುರಿದಿತ್ತು, ಅದರ ಕೆಳಗೆ ಕಲ್ಲು ಕೊಟ್ಟಿದ್ದರು. ಆಡು ಒಂದೇ ಇತ್ತು.

ಸೋಮವಾರ ಹನ್ನೊಂದಕ್ಕೆ ಇಮಾಮ್ಬೀ ವಾಡಿಯ ಪೋಸ್ಟಾಫೀಸಿನ ಕಿಟಕಿಯ ಮುಂದೆ ನಿಂತಿದ್ದಳು. ವಿಠ್ಠಲರಾವ್ ಆಧಾರ್ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕಾರ್ಡು ಕೊಟ್ಟರು. ತಮ್ಮ ಕುರ್ಚಿಯನ್ನೇ ಹೊರಗೆ ತಂದು, “ಕುಂದ್ರಿ ಅಮ್ಮಾ” ಎಂದರು. ಲುಂಬಿನಿ ಅಷ್ಟರಲ್ಲಿ ಸರಸ್ವತಿಬಾಯಿಗೆ ಹೇಳಿಕಳಿಸಿದ್ದಳು. ನೆಟ್ಟಗೆ ಮಾತಾಡುವ, ನಿವೃತ್ತಿಗೆ ಎರಡು ವರ್ಷ ಉಳಿದ ಆ ಶಿಕ್ಷಕಿ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕಾರ್ಡು ನೋಡಿದರು, ಬೇಲಿಯ ಕಥೆ ಕೇಳಿದರು.

“ಈ ಹೆಣ್ಣಮಗಳು ಇಲ್ಲಿ ಇರ್ತಾಳ ಅಂತ ನಾ ಸಹಿ ಮಾಡೀನಿ. ಅಂದ್ರ ನನ್ನ ಸಹಿ ಸುಳ್ಳಾತೇನು?” ಎಂದು ಅಲ್ಲೇ ಕಾಗದ ತೆಗೆದು ಇಮಾಮ್ಬೀಯ ಹೆಸರಿನಲ್ಲಿ ತಹಶೀಲ್ದಾರರಿಗೆ ಅರ್ಜಿ ಬರೆದರು. ಐದೂ ಕುಟುಂಬಗಳ ಹೆಸರು, ಎಲ್ಲಿಂದ ಎಲ್ಲಿಗೆ ಎಬ್ಬಿಸಿದರು, ಯಾವ ದಿನ. ದಿನಗಳನ್ನು ಲುಂಬಿನಿ ಹೇಳಿದಳು, ಅವಳ ಡೈರಿಯಲ್ಲಿದ್ದವು. ಇರಲು ಜಾಗ ತೋರಿಸಿ, ಆಮೇಲೆ ಏಳಿಸಿ ಎಂಬುದು ಕೊನೆಯ ಸಾಲು.

ಅಂದಿನಿಂದ ಇಮಾಮ್ಬೀ ಅಬ್ದುಲ್ ಕರೀಮನ ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ಇದ್ದಾಳೆ. ಅವನೇ ಕರೆದ. ‘ಅವತ್ತ ಕೇಳಲಿಲ್ಲ, ಇವತ್ತರ ಕೇಳ್ತೀನಿ, ಇರ್ತೀಯೇನಕ್ಕಾ?’ ಎಂದನಂತೆ. ಉಳಿದ ನಾಲ್ಕು ಕುಟುಂಬಗಳನ್ನು ಸೇಡಂ ರಸ್ತೆಯಿಂದಲೂ ಏಳಿಸಿದರು. ಚಿಂಚೋಳಿ ಕಡೆ ಹೋದ ಸುದ್ದಿ ಇದೆ. ಆ ಕಡೆಯ ಚಿಮ್ಮನಚೋಡದ ಪೋಸ್ಟ್‌ಮನ್ ನೋಡಿ ಹೇಳುತ್ತೇನೆ ಎಂದಿದ್ದಾನೆ.

ಅರ್ಜಿಗೆ ಉತ್ತರ ಬಂದದ್ದು ಏಪ್ರಿಲ್‌ನಲ್ಲಿ, ಲುಂಬಿನಿಯ ಚೀಲದಲ್ಲೇ. ಚಪ್ಪರದ ಮುಂದೆ ನಿಂತು ಅವಳು ಓದಿದಳು: ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅರ್ಜಿಯನ್ನು ಸಂಬಂಧಪಟ್ಟ ಕಚೇರಿಗೆ ಕಳುಹಿಸಲಾಗಿದೆ.

“ಸಂಬಂಧಪಟ್ಟ ಆಫೀಸ್ ಅಂದ್ರ ಯಾವುದು?” ಎಂದಳು ಇಮಾಮ್ಬೀ.

ಲುಂಬಿನಿ ಕಾಗದದ ಹಿಂಬದಿ ನೋಡಿದಳು, ಲಕೋಟೆಯೊಳಗೂ ಇಣುಕಿದಳು. “ಬರದಿಲ್ಲ ಖಾಲಾ. ಕೇಳಿ ಬರ್ತೀನಿ” ಎಂದು ಸ್ಕೂಟಿಯನ್ನು ಊರೊಳಗಿನ ದಾರಿಗೆ ತಿರುಗಿಸಿದಳು.