ಥಂಡಿ ಹೊಳೆಯ ಬೀಗರು

ಗದ್ವಾಲದ ನೇಕಾರ ನರಸಿಂಹುಲು ಟ್ರೌಟ್ ಮೀನನ್ನು ಕಣ್ಣಾರೆ ಕಂಡವನಲ್ಲ. ಆದರೆ ಹಿಮ ಕರಗಿ ಹರಿಯುವ ಉತ್ತರದ ಹೊಳೆಗಳಲ್ಲಿ ಅದನ್ನು ಮರುಳು ಮಾಡಲು ಗಾಳದ ಕೊಕ್ಕೆಗೇ ಕಟ್ಟುವ ಹುಸಿನೊಣಗಳು ಹುಟ್ಟುವುದು ಅವನ ಜಗಲಿಯಲ್ಲೇ. ಸೀರೆಗೆ ಮಿಕ್ಕ ರೇಷ್ಮೆ ಎಳೆ ನೊಣದ ಮೈಗೆ, ಜರಿ ಹೊಟ್ಟೆಗೆ, ಮನೆಯ ಹುಂಜದ ಗರಿ ರೆಕ್ಕೆಗೆ. ಹುಂಜ ಅವನನ್ನು ಕಂಡರೆ ಮಾಳಿಗೆ ಹತ್ತುತ್ತದೆ. ಕಟ್ಟಿದ ನೊಣ ಹಾರಿಹೋದೀತೆಂದು ಫ್ಯಾನು ಹಾಕಗೊಡುವುದಿಲ್ಲ. ಬಾಯಿಂದ ಜಾರದಂತೆ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಹಿಮ್ಮುಳ್ಳನ್ನು ಮಾತ್ರ ಅರದಿಂದ ಉಜ್ಜಿ ತೆಗೆದುಬಿಡುತ್ತಾನೆ: "ಅಲ್ಲಿ ಮೀನ ಹಿಡಿದು ವಾಪಸ್ ನೀರಿಗೆ ಬಿಡ್ತಾರಂತ್ರಿ, ಬಾಯಿ ಹರೀಬಾರದು." ಸೊಂಟ ಸೋತು ಮಗ್ಗದ ಕುಣಿಗೆ ಇಳಿಯಲಾಗದೆ ಹೋದಾಗ ನೊಣ ಕಟ್ಟುವ ಕೂಲಿ ಕೊಡಿಸಿ ಮನೆಯ ಒಲೆ ಆರದಂತೆ ಕಾದದ್ದು ಆ ಮೀನೇ. ಅದಕ್ಕೇ ನೊಣಗಳ ಡಬ್ಬಿ ಕಳಿಸಿದಾಗಲೆಲ್ಲ ಹೆಂಡತಿ ಪೋಚಮ್ಮನೊಡನೆ ಜೂರಾಲ ಅಣೆಕಟ್ಟಿಗೆ ಹೋಗಿ, ಕೃಷ್ಣೆಯ ಮೀನುಗಳಿಗೆ ಮಂಡಕ್ಕಿ ಚೆಲ್ಲಿ ಕೈಮುಗಿಯುತ್ತಾನೆ: "ಥಂಡಿ ದೇಶದ ನಿಮ್ಮ ಬೀಗರು ನಮಗ ಉಣ್ಣಾಕ ಇಟ್ಟಾರ, ಅವರ ಹೆಸರ್ಲೆ ನೀವು ಉಣ್ರೆಪ್ಪ."